ಕೆಮ್ಮಿಗೆ ಘಾಟು ನೆಪ, ದಮ್ಮಿಗೆ ಗುಳಿಗೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಶ್ವಾಸಕೋಶದ ಕಾಯಿಲೆಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಮೇಲೆ ಹೊಗೆಯಾಡುವ ಸಿಗರೇಟಿನ ದೊಡ್ಡ ಚಿತ್ರ, ಒಳಗೆ ಬೀಡಿ ಬಿಡಿ, ಸಿಗರೇಟು ಬಿಡಿ, ಬೆಳಿಗ್ಗೆ ಅಡ್ಡಾಡಿ ಎಂಬ ಬುದ್ಧಿಮಾತು. ತಪ್ಪೇನಿಲ್ಲ. ಆದರೆ ಬ್ಯಾಡಗಿ ಪೇಟೆಯಲ್ಲಿ 31 ವರ್ಷದಿಂದ ಔಷಧ ಅಂಗಡಿ ಇಟ್ಟುಕೊಂಡವನು ನಾನು. ನನ್ನ ಅಂಗಡಿಯ ಕಟ್ಟೆಗೆ ಏದುಸಿರು ಬಿಡುತ್ತ ಬಂದು, ಮೊದಲು ಒಂದು ನಿಮಿಷ ಸುಮ್ಮನೆ ನಿಂತು, ಆಮೇಲೆ ಮಾತಾಡುವವರಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು. ಬೀಡಿಯನ್ನು ಕೈಯಲ್ಲಿ ಹಿಡಿದವರೂ ಅಲ್ಲ. ನಿಮ್ಮ ಬರಹ ಓದಿದರೆ ಅವರು, ‘ಇದು ನಮಗಲ್ಲ ಬಿಡ್ರಿ’ ಎಂದು ಪುಟ ತಿರುವಿಬಿಡುತ್ತಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಜಾಗ ಇಲ್ಲದಿದ್ದರೆ ಕತ್ತರಿಸಿಕೊಳ್ಳಿ. ಆದರೆ ನನ್ನ ತಪ್ಪಿನ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಮ್ಮೂರಲ್ಲಿ ಕೆಮ್ಮಿಗೆ ಒಂದು ರೆಡಿ ಕಾರಣ ಇದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಜನವರಿ ದಾಟಿದರೆ ಚೀಲಗಳ ರಾಶಿ ರಸ್ತೆಯವರೆಗೂ ಬರುತ್ತದೆ. ಹೊರಗಿನವರು ಬಸ್ಸಿನಿಂದ ಇಳಿದ ಕೂಡಲೇ ಕೆಮ್ಮುತ್ತಾರೆ, ನಾವು ನಗುತ್ತೇವೆ. ತೊಟ್ಟು ಮುರಿಯುವ ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಸುತ್ತಿಕೊಂಡು ಬೆಳಗಿನಿಂದ ಸಂಜೆಯವರೆಗೆ ಆ ಧೂಳಿನಲ್ಲೇ ಕೂತಿರುತ್ತಾರೆ. ಮೆಣಸಿನಕಾಯಿಯ ಖಾರ ಅಂದರೆ ಕ್ಯಾಪ್ಸೈಸಿನ್. ಅದು ಗಂಟಲಿನ, ಉಸಿರುನಾಳದ ನರವನ್ನು ಕೆರಳಿಸಿ ಕೆಮ್ಮು ತರಿಸುತ್ತದೆ. ಮನುಷ್ಯನ ಕೆಮ್ಮನ್ನು ಅಳೆಯಬೇಕಾದಾಗ ಸಂಶೋಧಕರು ಪ್ರಯೋಗಾಲಯದಲ್ಲಿ ಉಸಿರಿನ ಜೊತೆ ಎಳೆಸುವುದೂ ಇದೇ ಕ್ಯಾಪ್ಸೈಸಿನ್. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಅಷ್ಟೊಂದು ಚೀಲ ಒಂದೇ ಕಡೆ ಬಿಚ್ಚಿದರೆ ಘಾಟು ಬಡಿಯದೆ ಇರುತ್ತದೆಯೇ? ಹೀಗಾಗಿ ಯಾರು ಎಷ್ಟು ದಿನ ಕೆಮ್ಮಿದರೂ ಉತ್ತರ ಒಂದೇ: “ಘಾಟ ಬಡದೈತ್ರಿ, ಒಂದ ಔಷಧ ಕೊಡ್ರಿ ಅಣ್ಣಾರ.”

ಕೊಡುತ್ತಿದ್ದೆ. ಹಾಗೆ ಕೊಟ್ಟವರಲ್ಲಿ ಒಬ್ಬಾಕೆಯ ಮುಖ ಇನ್ನೂ ಕಣ್ಣ ಮುಂದಿದೆ. ಮೂವತ್ತೈದರ ಆಸುಪಾಸು, ತೊಟ್ಟು ಮುರಿಯಲು ಹತ್ತಿರದ ಹಳ್ಳಿಯಿಂದ ಬರುತ್ತಿದ್ದಳು. ಮೂರು ತಿಂಗಳಲ್ಲಿ ಐದಾರು ಬಾಟಲಿ ಕೆಮ್ಮಿನ ಔಷಧ ಒಯ್ದಳು. ನಡುವೆ ಎರಡು ಸಲ, ಅವಳು ಹಿಂದೆ ಎಲ್ಲೋ ಬರೆಸಿಕೊಂಡಿದ್ದ ಹಳೇ ಚೀಟಿ ನೋಡಿ, ಐದೈದು ದಿನದ ಲೆವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಗುಳಿಗೆ ಕೊಟ್ಟೆ. ಪ್ರತಿ ಸಲವೂ ವಾರ ಹತ್ತು ದಿನ ಕಡಿಮೆಯಾಗಿ ಮತ್ತೆ ಮರಳುತ್ತಿತ್ತು. ಆ ಗುಳಿಗೆ ಕ್ಷಯದ ಕ್ರಿಮಿಯ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ರೋಗವನ್ನು ಕೊಲ್ಲದೆ ಸ್ವಲ್ಪ ದಿನ ಮಲಗಿಸುತ್ತದೆ, ಪತ್ತೆಯಾಗುವುದು ತಡವಾಗುತ್ತದೆ. ಇದನ್ನು ನಾನು ಓದಿರಲಿಲ್ಲವೇ? ಓದಿದ್ದೆ. ಅದು ಎಚ್1 ಪಟ್ಟಿಯ ಔಷಧ, ತಾಜಾ ಚೀಟಿ ಇಲ್ಲದೆ ಕೊಡುವಂತಿಲ್ಲ, ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದೂ ಗೊತ್ತಿತ್ತು. ಸಂತೆಯ ದಿನ, ಕಟ್ಟೆಯ ಮುಂದೆ ಹತ್ತು ಜನ, ಕೊಟ್ಟುಬಿಟ್ಟೆ. ಕೊನೆಗೆ ಒಂದು ದಿನ ಅವಳೇ, “ಕುಪ್ಪಸ ಎಲ್ಲಾ ಸಡಲ ಆಗ್ಯಾವ್ರಿ, ಸಂಜಿಮುಂದ ಮೈ ಬೆಚ್ಚಗ ಆಗತೈತಿ” ಅಂದಾಗ ನನ್ನ ಕೈ ತಡೆಯಿತು. ಅವಳ ಓಣಿಯ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಕಫದ ಡಬ್ಬಿ ಹೋಯಿತು. ಮೊದಲ ಸಲ ತುಂಬಿ ಕೊಟ್ಟಿದ್ದು ಬರೀ ಜೊಲ್ಲು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು ಅಂತ ಮತ್ತೆ ಹೇಳಿಸಿ ಎರಡನೇ ಡಬ್ಬಿ ಕಳಿಸಿದ ಮೇಲೆ ಟಿಬಿ ಅಂತ ಗೊತ್ತಾಯಿತು.

ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕು ಎಂಬುದು ಹಳೇ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಪೈಸೆ ಖರ್ಚಿಲ್ಲ. ಈಗಂತೂ ಬೆಂಗಳೂರಿನಲ್ಲಿ ರೂಪುಗೊಂಡು ಪಕ್ಕದ ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರ ಬಂದಿದೆ. ಒಂದೆರಡು ತಾಸಿನಲ್ಲಿ ಕ್ರಿಮಿ ಇದೆಯೋ ಇಲ್ಲವೋ ಹೇಳುತ್ತದೆ, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೋ ಇಲ್ಲವೋ ಅದನ್ನೂ ಹೇಳುತ್ತದೆ. ಆರು ತಿಂಗಳ ಔಷಧ ಪುಕ್ಕಟೆ. ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಇಷ್ಟೆಲ್ಲ ಇದ್ದೂ ಆ ಹೆಣ್ಣುಮಗಳು ನನ್ನ ಅಂಗಡಿಗೂ ಕೂಲಿಗೂ ನಡುವೆ ಮೂರು ತಿಂಗಳು ಓಡಾಡಿದಳು. ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದವು. ಅವಳು ಗುಣವಾದಳು, ನಿಜ. ಆದರೆ ಈಗಲೂ ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತಾಳೆ. ಟಿಬಿ ಹೋದರೂ ಅದು ತಿಂದ ಶ್ವಾಸಕೋಶ ಮರಳುವುದಿಲ್ಲ. ಇಂಥವರು ಮತ್ತೆ ಕೆಮ್ಮಿದಾಗ ಪರೀಕ್ಷೆ ಮಾಡದೆ, ‘ಟಿಬಿ ತಿರುಗಿ ಬಂದೈತಿ’ ಎಂದು ಮತ್ತೆ ಅದೇ ಗುಳಿಗೆ ನುಂಗಿಸುವವರೂ ಇದ್ದಾರೆ. ಆ ಕಥೆ ಬೇರೆ, ಇಲ್ಲಿ ಬೇಡ.

ಇನ್ನು ನನ್ನ ಮನೆಯ ಮಾತು.

ನಮ್ಮವ್ವನಿಗೆ ಅರವತ್ತರ ಹೊತ್ತಿಗೆ ದಮ್ಮು ಶುರುವಾಯಿತು. ಚಳಿಗಾಲದಲ್ಲಿ ಜಾಸ್ತಿ. ಮೆಟ್ಟಿಲು ಹತ್ತಿದರೆ ಜಾಸ್ತಿ. ಇಬ್ಬರು ಮೂವರು ಡಾಕ್ಟರಿಗೆ ತೋರಿಸಿದೆವು. ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, “ಅಸ್ತಮಾ” ಅಂದರು, ಚುಚ್ಚುಮದ್ದು ಕೊಟ್ಟರು. ಎಕ್ಸ್‌ರೇ ಮೂರು ಸಲ ಆಯಿತು, ಮೂರರಲ್ಲೂ “ಸ್ವಚ್ಛ ಐತಿ”. ಅವರನ್ನು ನಾನು ಬಹಳ ದೂರುವುದಿಲ್ಲ. ಸಂಜೆ ಒಂದೇ ಹೊತ್ತಿಗೆ ಅರವತ್ತು ಎಪ್ಪತ್ತು ಜನರನ್ನು ನೋಡುವವರಿಗೆ ಒಬ್ಬರ ಉಸಿರಿಗೆ ಅರ್ಧ ತಾಸು ಎಲ್ಲಿಂದ ತರಬೇಕು? ದೂರಬೇಕಾದವನು ನಾನು. ಚುಚ್ಚಿಸಿಕೊಂಡಾಗಲೆಲ್ಲ ಅವ್ವನಿಗೆ ಆರಾಮ ಅನಿಸುವುದನ್ನು ನೋಡಿ, ಅದರಲ್ಲಿ ಸ್ಟೀರಾಯ್ಡ್ ಇದೆ ಎಂದು ಗೊತ್ತಿದ್ದವನು, ಅಂಗಡಿಯಿಂದಲೇ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ತಂದು ಕೊಡತೊಡಗಿದೆ. ಮೊದಲು ಉಸಿರು ಕಟ್ಟಿದ ದಿನ ಮಾತ್ರ. ಆಮೇಲೆ ಚಳಿಗಾಲ ಪೂರ್ತಿ. ಆಮೇಲೆ ದಿನಾ. ಮಗ ಮೆಡಿಕಲ್ ಶಾಪಿನವನು ಎಂಬ ಹೆಮ್ಮೆಯಿಂದ ಅವ್ವ ಆರೇಳು ವರ್ಷ ಅದನ್ನು ನುಂಗಿದಳು. ಮುಖ ದುಂಡಗಾಯಿತು, ನೆರೆಯವರು “ಅವ್ವಾರು ಮೈ ಹಿಡದಾರ” ಅಂದರು. ಸಕ್ಕರೆ ಕಾಯಿಲೆ ಬಂತು. ತೋಳಿನ ಚರ್ಮ ಈರುಳ್ಳಿ ಸಿಪ್ಪೆಯಂತಾಯಿತು. ಒಂದು ದಿನ ಹಿಟ್ಟಿನ ಡಬ್ಬಿ ಎತ್ತಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ಬೆನ್ನಿನ ಒಂದು ಎಲುಬು ತಾನಾಗಿಯೇ ಕುಸಿದಿತ್ತು. ಎಲ್ಲ ಆ ಗುಳಿಗೆಯ ಫಲ.

ಆಗ ರೈಲು ಹತ್ತಿಸಿ ಹುಬ್ಬಳ್ಳಿಗೆ ಕರಕೊಂಡು ಹೋದೆ. ಎದೆಯ ರೋಗಗಳ ಡಾಕ್ಟರಮ್ಮ ಒಬ್ಬರು. ಸ್ಟೆಥಾಸ್ಕೋಪು ಕೊರಳಲ್ಲೇ ಇತ್ತು, ಕೇಳಿದ ಮೊದಲ ಪ್ರಶ್ನೆ ಮಾತ್ರ, “ಅಮ್ಮಾ, ಏನು ಕೆಲಸ ಮಾಡ್ತಿದ್ರಿ?”

“ಏನಿಲ್ರೀ, ಮನಿಯಾಗ ಇರತಿದ್ದೆ.”

“ಮನಿಯಾಗ ಒಲಿ ಇತ್ತೇನ್ರಿ? ದಿನಾ ಎಷ್ಟ ತಾಸು ಅದರ ಮುಂದ?”

ಅವ್ವ ಕೈಬೆರಳಿನ ಗೆಣ್ಣು ಎಣಿಸಿದಳು. ಕೂಡು ಕುಟುಂಬ, ಹೊತ್ತಿಗೆ ನಲವತ್ತು ರೊಟ್ಟಿ. ಹತ್ತಿ ಕಟ್ಟಿಗೆ, ಕುಳ್ಳು, ಮಳೆಗಾಲದಲ್ಲಿ ಹಸಿ ಜಾಲಿ. ಬೆಳಿಗ್ಗೆ ಮೂರು ತಾಸು, ರಾತ್ರಿ ಎರಡು. ಮದುವೆಯಾಗಿ ಬಂದಾಗಿನಿಂದ ಗ್ಯಾಸು ಬರುವವರೆಗೆ 46 ವರ್ಷ. ಡಾಕ್ಟರಮ್ಮ ಚೀಟಿಯ ಮೂಲೆಯಲ್ಲಿ ಐದು ಗುಣಿಸು ನಲವತ್ತಾರು ಎಂದು ಬರೆದು 230 ಎಂದು ಗೆರೆ ಎಳೆದರು. ಮೈಸೂರು ಸೀಮೆಯ ಹಳ್ಳಿ ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಈ ಲೆಕ್ಕ 60 ದಾಟಿದವರಲ್ಲಿ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆ ಎದ್ದು ಕಂಡಿತ್ತಂತೆ. ಕೆಲಸ ಯಾವುದು ಎಂದು ರೋಗಿಯನ್ನು ಕೇಳಬೇಕು ಎಂದು ರಮಾಝಿನಿ ಎಂಬ ಇಟಲಿಯ ವೈದ್ಯ 1700ರಲ್ಲೇ ಹೇಳಿದ್ದನ್ನೂ ಆ ಹೊತ್ತಿನಲ್ಲಿ ಅವರೇ ತಿಳಿಸಿದರು. ಮುನ್ನೂರು ವರ್ಷ ದಾಟಿತು, ನಮ್ಮ ಚೀಟಿಗಳಲ್ಲಿ ಇಂದಿಗೂ ಹೆಸರು, ವಯಸ್ಸು, ಬಿಪಿ, ಶುಗರ್ ಇರುತ್ತದೆ. ಕೆಲಸದ ಖಾನೆ ಇರುವುದಿಲ್ಲ. ಇದ್ದರೂ ಹೆಂಗಸರ ಮುಂದೆ ‘ಮನೆಗೆಲಸ’ ಎಂದು ಬರೆದು ಮುಗಿಸುತ್ತಾರೆ.

ಆಮೇಲೆ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಬಾವು ಇದೆಯೋ ನೋಡಿದರು, ಹೃದಯದಿಂದಲೂ ಏದುಸಿರು ಬರುತ್ತದಲ್ಲ, ಅದಕ್ಕೆ. ಇಸಿಜಿ, ರಕ್ತ. ನಂತರ ಪಕ್ಕದ ಕೋಣೆಯಲ್ಲಿ ಊದುವ ಪರೀಕ್ಷೆ, ಅಂದರೆ ಸ್ಪೈರೊಮೆಟ್ರಿ. ಔಷಧ ಮಾರುತ್ತ ಇಷ್ಟು ವರ್ಷ ಕಳೆದರೂ ಅದನ್ನು ನಾನು ನೋಡಿದ್ದು ಅಂದೇ ಮೊದಲು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಗಾಳಿ ಎಳೆಸಿ, ಆ ತಂತ್ರಜ್ಞ ಹುಡುಗ ಜಾತ್ರೆಯಲ್ಲಿ ತೇರು ಎಳೆಸುವವನಂತೆ ಕೂಗಿದ: “ಊದ್ರಿ, ಊದ್ರಿ, ಊದ್ರಿ, ಬಿಡಬ್ಯಾಡ್ರಿ, ಇನ್ನೂ, ಇನ್ನೂ!” ನಲವತ್ತಾರು ವರ್ಷ ಊದುಗೊಳವಿಯಲ್ಲಿ ಒಲೆ ಊದಿದ ಅವ್ವ ಆ ಕೊಳವೆಯನ್ನು ಆರು ಸೆಕೆಂಡು ಊದಲಾರದೆ ಕುರ್ಚಿಯ ತೋಳು ಹಿಡಿದು ಬಗ್ಗಿದಳು. ಮೂರು ಸಲ ಸರಿಯಾಗಿ ಬರಬೇಕು, ಐದು ಸಲ ಊದಿಸಿದರು. ಆಮೇಲೆ ಉಸಿರುಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಔಷಧವನ್ನು ನಾಲ್ಕು ಸಲ ಎಳೆಸಿ, ಹದಿನೈದು ನಿಮಿಷ ಬಿಟ್ಟು, ಮತ್ತೆ ಊದಿಸಿದರು.

ಲೆಕ್ಕ ಸರಳ. ಎದೆಯಿಂದ ಜೋರಾಗಿ ಹೊರಗೆ ಹಾಕಿದ ಒಟ್ಟು ಗಾಳಿ ನೂರು ಎಂದರೆ ಮೊದಲ ಒಂದೇ ಸೆಕೆಂಡಿನಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಬರಬೇಕು. ಅವ್ವನದು 52. ಔಷಧ ಎಳೆದ ಮೇಲೆ 54. ಅಸ್ತಮಾ ಆಗಿದ್ದರೆ ಔಷಧದ ನಂತರ ಆ ಮೊದಲ ಸೆಕೆಂಡಿನ ಗಾಳಿ ಸಾಮಾನ್ಯವಾಗಿ ಚೆನ್ನಾಗಿ ಏರುತ್ತದೆ. ನೂರಕ್ಕೆ ಹನ್ನೆರಡು ಪಾಲು, ಜೊತೆಗೆ ಕನಿಷ್ಠ 200 ಮಿಲಿ. ಅವ್ವನದು ಏರಲಿಲ್ಲ. ಅದು ಸಿಒಪಿಡಿ, ಅಂದರೆ ಉಸಿರುಕೊಳವೆ ಕಿರಿದಾಗಿ ಪೂರ್ತಿ ಮೊದಲಿನಂತಾಗದ ಕಾಯಿಲೆ. ನಾವು ಅಸ್ತಮಾ ಎಂದು ತಿಳಿದು ಗುಳಿಗೆ ನುಂಗಿಸಿದ್ದ ವರ್ಷಗಳಷ್ಟೂ ಅದೇ ಇತ್ತು. ಎಕ್ಸ್‌ರೇಯಲ್ಲಿ ಯಾಕೆ ಕಾಣಲಿಲ್ಲ ಎಂದು ಕೇಳಿದೆ. ಕೊಳವೆ ಕಿರಿದಾಗಿರುವುದು ಫೋಟೊದಲ್ಲಿ ಕಾಣಬೇಕೆಂದೇನೂ ಇಲ್ಲ, ಊದಿಸಿಯೇ ನೋಡಬೇಕು ಅಂದರು. ರಕ್ತದೊತ್ತಡವನ್ನು ಮುಖ ನೋಡಿ ಹೇಳುವ ಡಾಕ್ಟರನ್ನು ನಾವು ಒಪ್ಪುತ್ತೇವೆಯೇ? ಪಟ್ಟಿ ಸುತ್ತಿ ಅಳೆಯಲೇಬೇಕು. ದಮ್ಮನ್ನು ಮಾತ್ರ ಅಳೆಯದೆ ವರ್ಷಗಟ್ಟಲೆ ಔಷಧ ಕೊಡುತ್ತೇವೆ, ತಗೊಳ್ಳುತ್ತೇವೆ, ಮಾರುತ್ತೇವೆ. 2016ರ ಅಂದಾಜಿನ ಪ್ರಕಾರ ದೇಶದಲ್ಲಿ ಸಿಒಪಿಡಿ ಇದ್ದವರೇ ಸುಮಾರು 5.5 ಕೋಟಿ. ನನ್ನ ಕಟ್ಟೆಗೆ ದಮ್ಮಿನ ಚೀಟಿ ತಂದವರಲ್ಲಿ ಊದುವ ಪರೀಕ್ಷೆಯ ಕಾಗದ ಜೊತೆಗಿಟ್ಟುಕೊಂಡು ಬಂದವರನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು.

ಪ್ರೆಡ್ನಿಸೊಲೋನನ್ನು ಡಾಕ್ಟರಮ್ಮ ಅಂದೇ ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ನುಂಗಿದವರು ಅದನ್ನು ಗಕ್ಕನೆ ಬಿಟ್ಟರೆ ಜೀವಕ್ಕೇ ಸಂಚಕಾರ, ವಾರವಾರ ಇಳಿಸುತ್ತ ಬರಬೇಕು. ಈ ಪತ್ರ ಓದಿ ಯಾರಾದರೂ ಇವತ್ತೇ ಗುಳಿಗೆ ಎಸೆದಾರು, ಹಾಗೆ ಮಾಡಬೇಡಿ, ಡಾಕ್ಟರಿಗೆ ಹೇಳಿ ಇಳಿಸಿಕೊಳ್ಳಿ.

ಅವರು ಬರೆದುಕೊಟ್ಟದ್ದು ಉಸಿರುಕೊಳವೆ ಸಡಿಲಿಸುವ, ದಿನಕ್ಕೊಮ್ಮೆ ಎಳೆಯುವ ಟಯೋಟ್ರೋಪಿಯಂ. ಇಂಥ ಇನ್‌ಹೇಲರಿಗೆ ನಮ್ಮ ಕಡೆ ಪಂಪ್ ಅನ್ನುತ್ತಾರೆ. ಅವ್ವ ಒಪ್ಪಲಿಲ್ಲ. “ಪಂಪ್ ಹಚ್ಚಿದ್ರ ಚಟಾ ಆಗತೈತಿ, ಸಾಯೂತನಾ ಬಿಡಂಗಿಲ್ಲ.” ಇದೇ ಮಾತನ್ನು ನನ್ನ ಕಟ್ಟೆಯ ಮುಂದೆ ನೂರಾರು ಸಲ ಕೇಳಿದ್ದೇನೆ, ಒಮ್ಮೆಯೂ ತಿದ್ದಿರಲಿಲ್ಲ. ಅಂಗಡಿಯವನ ಭಾಷೆಯಲ್ಲೇ ಅವ್ವನಿಗೆ ಲೆಕ್ಕ ಹೇಳಿದೆ. ಸಾಲ್ಬುಟಮಾಲ್ ಗುಳಿಗೆ ಒಂದರಲ್ಲಿ 4 ಮಿಲಿಗ್ರಾಂ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅಂದರೆ ಒಂದು ಗುಳಿಗೆ ನುಂಗಿದರೆ ನಲವತ್ತು ಸಲ ಪಂಪು ಒತ್ತಿದಷ್ಟು ಔಷಧ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೆ, ಮೈತುಂಬ ಸುತ್ತಿ ಉಳಿದಷ್ಟು ಎದೆಗೆ. ಕೈ ನಡುಗುವುದು, ಎದೆ ಡವಗುಟ್ಟುವುದು ಅದಕ್ಕೇ. ಪಂಪಿನದು ನೇರ ಬೇಕಾದ ಜಾಗಕ್ಕೇ ಹೋಗುತ್ತದೆ, ಸ್ವಲ್ಪ ಸಾಕು. ಅವ್ವ ವ್ಯಾಪಾರಸ್ಥರ ಮನೆಯವಳು, ನಲವತ್ತಕ್ಕೆ ಒಂದು ಎನ್ನುವುದು ಥಟ್ಟನೆ ಹತ್ತಿತು.

ಆದರೆ ಪಂಪು ಬರೆದುಕೊಟ್ಟರೆ ಕೆಲಸ ಮುಗಿಯಿತೇ? ಮೋಟೆಬೆನ್ನೂರು ಕಡೆಯ ಯಜಮಾನರೊಬ್ಬರು ಒಂದು ತಿಂಗಳ ಕ್ಯಾಪ್ಸೂಲು ಹದಿನೈದೇ ದಿನಕ್ಕೆ ಮುಗಿಸಿ ಬಂದರು. “ಏನೂ ಗುಣ ಕಾಣವಲ್ದು ತಮ್ಮಾ, ಎರಡೆರಡು ತಗೊಂಡೆ.” ಹ್ಯಾಂಗ ತಗೊಂಡ್ರಿ ಎಂದು ಕೇಳಿದೆ. “ಊಟ ಆದಮ್ಯಾಲ, ನೀರಿನ ಕೂಡ.” ಎಳೆಯುವ ಪುಡಿಯ ಕ್ಯಾಪ್ಸೂಲು ಅವು. ಯಂತ್ರದಲ್ಲಿ ಇಟ್ಟು, ತಿರುವಿ, ಬಾಯಿಂದ ಜೋರಾಗಿ ಎಳೆಯಬೇಕು. ಆ ಪ್ಲಾಸ್ಟಿಕ್ಕಿನ ಯಂತ್ರ ಅವರ ಮನೆಯಲ್ಲಿ ಮೊಮ್ಮಗನ ಆಟಿಕೆಯಾಗಿತ್ತು. ಆ ಯಜಮಾನರು ದಡ್ಡರಲ್ಲ, ಎಂಟು ಎಕರೆ ಗೋವಿನಜೋಳದ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡವರು. ಔಷಧ ಕೊಟ್ಟ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ. ಒತ್ತುವ ಪಂಪಿನದೂ ಇದೇ ಗತಿ. ಅಲುಗಾಡಿಸದೆ ಒತ್ತುತ್ತಾರೆ, ಒತ್ತಿದ ಮೇಲೆ ಉಸಿರು ಎಳೆಯುತ್ತಾರೆ, ಎಳೆದ ಕೂಡಲೇ ಬಿಡುತ್ತಾರೆ. ಔಷಧವೆಲ್ಲ ನಾಲಿಗೆಯ ಮೇಲೆ. ಮೊದಲು ಉಸಿರು ಪೂರ್ತಿ ಹೊರಗೆ ಬಿಟ್ಟು, ಒತ್ತುತ್ತ ನಿಧಾನ ಎಳೆದು, ಹತ್ತು ಎಣಿಸುವಷ್ಟು ಹಿಡಿದರೆ ಮಾತ್ರ ಅದು ಕೆಳಗೆ ಇಳಿಯುತ್ತದೆ. ಮುಪ್ಪಿನವರಿಗೆ, ಮಕ್ಕಳಿಗೆ ಈ ಹೊಂದಾಣಿಕೆ ಆಗುವುದಿಲ್ಲ. ನಡುವೆ ಸ್ಪೇಸರ್ ಎಂಬ ಡಬ್ಬಿ ಇಟ್ಟರೆ ಸಲೀಸು. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣು. ಅಸ್ತಮಾ ಇದ್ದವರು ಬರೀ ಸಾಲ್ಬುಟಮಾಲ್ ಪಂಪಿನ ಮೇಲೇ ದಿನ ದೂಡಬಾರದು, ಒಳಗಿನ ಉರಿಯೂತಕ್ಕೂ ಎಳೆಯುವ ಔಷಧ ಬೇಕೇಬೇಕು ಎಂದು ಜಾಗತಿಕ ಮಾರ್ಗಸೂಚಿ 2019ರಲ್ಲೇ ಬದಲಾಗಿದೆ. ನನ್ನಲ್ಲಿ ಇವತ್ತಿಗೂ ಹೆಚ್ಚು ಖರ್ಚಾಗುವುದು ಆ ಸಾಲ್ಬುಟಮಾಲ್ ಪಂಪೇ, ಅದೂ ಚೀಟಿ ಇಲ್ಲದೆ ಕೇಳುವವರೇ ಜಾಸ್ತಿ.

ಈಗ ಕಟ್ಟೆಯ ಮೇಲೆ ಔಷಧ ಇಲ್ಲದ ಒಂದು ಖಾಲಿ ಪಂಪು, ಒಂದು ಯಂತ್ರ ಇಟ್ಟಿದ್ದೇನೆ. ಹೊಸಬರಿಗೆ ನಾನೇ ಮಾಡಿ ತೋರಿಸಿ, ಅವರ ಕೈಯಲ್ಲಿ ಮಾಡಿಸಿ ಕಳಿಸುತ್ತೇನೆ. ನಾಲ್ಕು ನಿಮಿಷದ ಕೆಲಸ. ಸಂತೆಯ ದಿನ ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಮಂಗಳವಾರ ಬರ್ರಿ ಅನ್ನುತ್ತೇನೆ. ಬರುತ್ತಾರೆ.

ಆರೋಗ್ಯ ಇಲಾಖೆಯವರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನ ಬೇಡಿಕೆಯೂ ಹೀಗೆಯೇ ಸಣ್ಣದು. ತಾಲ್ಲೂಕಿನಲ್ಲಿ ವಾರಕ್ಕೊಂದು ದಿನ, ಸೋಮವಾರ ಗುರುವಾರ ಬಿಟ್ಟು, ಊದುವ ಪರೀಕ್ಷೆ ನಡೆಯಲಿ. ಊದಿಸಲು ಬರುವ, ಕೂಗಿ ಊದಿಸುವ ಒಬ್ಬ ಹುಡುಗ ಇರಲಿ. ಯಂತ್ರ ತಂದು ಬೀರುವಿನಲ್ಲಿ ಇಟ್ಟರೆ ಉಪಯೋಗವಿಲ್ಲ. ಓಪಿಡಿ ಚೀಟಿಯಲ್ಲಿ ‘ಕೆಲಸ’, ‘ಒಲೆ’ ಎಂದು ಎರಡು ಖಾನೆ ಅಚ್ಚು ಹಾಕಿಸಲಿ. ಮಾರುಕಟ್ಟೆಯಲ್ಲಿ ತೊಟ್ಟು ಮುರಿಯುವ ಹೆಣ್ಣುಮಕ್ಕಳಿಗೆ ಸೀಜನ್ನಿನ ಶುರುವಿಗೊಮ್ಮೆ ಕಫದ ಡಬ್ಬಿ ಹಿಡಿದು ಬರಲಿ, ನಮ್ಮಂಥ ಅಂಗಡಿಯವರನ್ನೂ ಜೊತೆಗೆ ಕರೆಯಲಿ. ಟಿಬಿ ಔಷಧ ಒಯ್ಯುವವರ ಮಾಹಿತಿ ಕೊಡುವುದನ್ನು 2018ರಲ್ಲೇ ಔಷಧ ಅಂಗಡಿಯವರಿಗೂ ಕಡ್ಡಾಯ ಮಾಡಿದ್ದಾರೆ. ಟಿಬಿ ಇರಬಹುದಾದ ಕೆಮ್ಮು ಮೊದಲು ಬಂದು ನಿಲ್ಲುವುದು ಮಾತ್ರ ನಮ್ಮ ಕಟ್ಟೆಯ ಮುಂದೆಯೇ.

ಅವ್ವನಿಗೆ ಈಗ 74. ಗುಳಿಗೆ ಬಿಟ್ಟಿದ್ದಾಳೆ, ಯಂತ್ರವನ್ನು ತಾನೇ ತಿರುವಿ ಎಳೆಯುತ್ತಾಳೆ. ಏದುಸಿರು ಬಂದಾಗ ತುಟಿ ಕೂಡಿಸಿ, ಬಿಸಿ ಚಹಾ ಆರಿಸುವಂತೆ ನಿಧಾನ ಉಸಿರು ಬಿಡುವುದನ್ನು ಡಾಕ್ಟರಮ್ಮ ಕಲಿಸಿದ್ದರು, ಅದೂ ರೂಢಿಯಾಗಿದೆ. ಗ್ಯಾಸಿನ ಮೇಲೆ ರೊಟ್ಟಿ ಉಬ್ಬುವುದಿಲ್ಲ ಎಂಬ ತಕರಾರು ಮಾತ್ರ ಮುಗಿದಿಲ್ಲ.

ಮೊನ್ನೆ ನಸುಕಿನಲ್ಲಿ ಹಿತ್ತಲಿನ ಕಡೆ ಹೊಗೆ ಕಂಡು ಹೋದೆ. ಬಚ್ಚಲ ಹಂಡೆಯ ಕೆಳಗೆ ಮೆಕ್ಕೆಜೋಳದ ದಂಟು ತುರುಕಿ, ಊದುಗೊಳವಿ ಹಿಡಿದು ಕೂತಿದ್ದಾಳೆ. ಸಿಟ್ಟು ಬಂತು. “ಡಾಕ್ಟರ್ ಏನ್ ಹೇಳಿದ್ರು ನಿನಗ?” ಎಂದೆ.

“ಆಕಿ ಕೇಳಿದ್ದು ಅಡಗಿ ಒಲಿ,” ಅಂದಳು. “ನೀರ ಕಾಸೂದು ಅಡಗಿ ಏನ?”

ದಿನಾ ಒಂದು ತಾಸು. ಆ 230ರಲ್ಲಿ ಬಚ್ಚಲ ಒಲೆ ಸೇರಿಯೇ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಔಷಧ ಅಂಗಡಿಯವ
ಬ್ಯಾಡಗಿ, ಹಾವೇರಿ ಜಿಲ್ಲೆ
(ಹೆಸರು ಪ್ರಕಟಿಸುವುದು ಬೇಡ)